ಅಡಿಕೆ-ಮೆಣಸಿನ ಹವಾಮಾನ ವಿಮೆ: ಕಟ್ಟಲೇಬೇಕು, ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ

ಎಕರೆಗೆ ಸುಮಾರು 2,590 ರೂಪಾಯಿ. ಅಡಿಕೆ ತೋಟಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದರೆ ಬೆಳೆಗಾರರ ಜೇಬಿನಿಂದ ಹೋಗುವುದು ಇಷ್ಟು. ಇತ್ತೀಚಿನ ವರ್ಷಗಳ ಅಧಿಸೂಚನೆಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ, ರೈತರ ಪಾಲಿನ ಕಂತು ಅದರ ಶೇ 5, ಅಂದರೆ 6,400. ಕಾಳುಮೆಣಸಿಗೆ 47,000 ರೂಪಾಯಿಗೆ 2,350. ಮಿಕ್ಕ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕಟ್ಟುತ್ತವೆ. ಕೊಪ್ಪ, ಶೃಂಗೇರಿ, ಮೂಡಿಗೆರೆ, ಕಳಸದ ಕಡೆಯಾಗಲಿ, ಇತ್ತ ಸಕಲೇಶಪುರದ ಕಡೆಯಾಗಲಿ, ಜೂನ್ ಬಂತೆಂದರೆ ಸೊಸೈಟಿ ಬಾಗಿಲಲ್ಲಿ ಒಂದೇ ಮಾತು: ಈ ಸಲ ಕಟ್ಟುವುದೋ, ಬಿಡುವುದೋ?

ಕಟ್ಟಿ. ಇಷ್ಟು ಕಡಿಮೆ ಕಂತಿಗೆ ಇಷ್ಟು ರಕ್ಷಣೆ ಕೊಡುವ ಬೇರೆ ವಿಮೆ ಮಲೆನಾಡಿನ ತೋಟಕ್ಕೆ ಸಿಗುವುದು ಕಷ್ಟ. ಆದರೆ ಪುಷ್ಯ-ಆಶ್ಲೇಷ ಮಳೆಯಲ್ಲಿ ಧರೆ ಕುಸಿದು, ಗೊನೆ ಕೊಳೆತು, ಮನೆಯ ಖರ್ಚಿಗೇ ತತ್ವಾರ ಬಂದಾಗ ಈ ವಿಮೆಯ ಹಣ ಕೈಯಲ್ಲಿ ಇರುವುದಿಲ್ಲ. ಅದು ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ. ಹಾಗಾಗಿ ಇದನ್ನು ಸಾಲ ತೀರಿಸಲು, ತೋಟ ಮತ್ತೆ ಕಟ್ಟಲು ಒದಗುವ ಹಣ ಎಂದು ಎಣಿಸಿಕೊಳ್ಳಬೇಕು. ಆಪತ್ತಿನ ವಾರಕ್ಕೆ ಬೇರೆಯದೇ ಏರ್ಪಾಡು ಬೇಕು. ಈ ಎರಡನ್ನು ಒಂದೇ ಎಂದುಕೊಂಡ ಮನೆಗಳೇ ಕೈಸಾಲದ ಬಡ್ಡಿಗೆ ಸಿಕ್ಕಿಬೀಳುವುದು.

ದುಡ್ಡು ಕೊಡುವುದು ಮಳೆಮಾಪಕ, ತೋಟವಲ್ಲ

ಈ ವಿಮೆಯಲ್ಲಿ ಯಾರೂ ನಿಮ್ಮ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪಕದಲ್ಲಿ, ಹೋಬಳಿಯ ಹವಾಮಾನ ಕೇಂದ್ರದಲ್ಲಿ ದಾಖಲಾದ ಅಂಕಿಗಳೇ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಈ ಮಾಪಕಗಳು ಸೌರಫಲಕದಿಂದ ನಡೆಯುತ್ತವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ.

ಮಾಪಕದ ಒಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ ವಿಮೆಯ ಅರ್ಧ ಗುಟ್ಟು ತಿಳಿದಂತೆ. ಮೇಲೆ ಒಂದು ಆಲಿಕೆ. ಅದರ ಕೆಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬೋಗುಣಿ. ಆಲಿಕೆಯಿಂದ ಇಳಿದ ನೀರು ಒಂದು ಬೋಗುಣಿ ತುಂಬಿದ ಕೂಡಲೇ ಅದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಬಾಯಿಗೆ ಬಂದು ನಿಲ್ಲುತ್ತದೆ. ಎಷ್ಟು ಸಲ ವಾಲಿತು ಎಂಬ ಎಣಿಕೆಯೇ ಮಳೆಯ ಮಿಲಿಮೀಟರ್. ಈಗ ಆಲಿಕೆಯ ತೂತಿಗೆ ಒಂದು ಸಿಲ್ವರ್ ಓಕ್ ಎಲೆ ಅಡ್ಡ ಬಿದ್ದರೆ? ಕಣಜ ಗೂಡು ಕಟ್ಟಿದರೆ? ಜೇಡ ಬಲೆ ಹೆಣೆದು ಬೋಗುಣಿ ವಾಲದೇ ಹೋದರೆ? ಹೊರಗೆ ಜಡಿಮಳೆ, ಲೆಕ್ಕದಲ್ಲಿ ತುಂತುರು. ಮಾಪಕದ ಪಕ್ಕದಲ್ಲಿ ಮರವೋ ಕಟ್ಟಡವೋ ಇದ್ದರೂ ಓರೆ ಮಳೆಯ ಲೆಕ್ಕ ತಪ್ಪುತ್ತದೆ. ಅಡ್ಡವಿರುವುದು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ನಿಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಮೇ ತಿಂಗಳಲ್ಲೇ ಊರಿನ ನಾಲ್ಕು ಜನ ಹೋಗಿ ಮಾಪಕ ಎಲ್ಲಿದೆ, ಸುತ್ತ ಏನು ಬೆಳೆದಿದೆ ಎಂದು ನೋಡಿ ಬನ್ನಿ. ಮುಟ್ಟಬೇಡಿ. ದೋಷ ಕಂಡರೆ ಫೋಟೊ ತೆಗೆದು ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಳೆಗಾಲ ಮುಗಿದ ಮೇಲೆ ಎತ್ತುವ ತಕರಾರಿಗಿಂತ ಮುಂಚೆ ಕೊಟ್ಟ ಒಂದು ಹಾಳೆ ಎಷ್ಟೋ ಗಟ್ಟಿ.

ಇನ್ನು ಲೆಕ್ಕ ಹಾಕುವ ಬಗೆ. ಪ್ರತಿ ಬೆಳೆಗೆ ಒಂದು ಷರತ್ತು ಪಟ್ಟಿ ಇರುತ್ತದೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಮಳೆ ಮೀರಿದರೆ ಪರಿಹಾರ ಶುರು, ಎಷ್ಟಕ್ಕೆ ಪೂರ್ಣ ಪರಿಹಾರ, ನಡುವಿನ ಪ್ರತಿ ಮಿಲಿಮೀಟರಿಗೆ ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿದೆ. ಅರ್ಥವಾಗಲೆಂದು ಒಂದು ಊಹೆಯ ಲೆಕ್ಕ: ಒಂದು ಅವಧಿಗೆ 400 ಮಿಲಿಮೀಟರ್ ಮೀರಿದರೆ ಪರಿಹಾರ ಶುರು, 600ಕ್ಕೆ ಪೂರ್ಣ, ಆ ಅವಧಿಯ ಗರಿಷ್ಠ ಮೊತ್ತ 20,000 ರೂಪಾಯಿ ಎಂದಿರಲಿ. ಮಿಲಿಮೀಟರಿಗೆ 100 ರೂಪಾಯಿ ಆಯಿತು. ನಿಮ್ಮ ತೋಟದಲ್ಲಿ 520 ಬಿದ್ದಿದೆ, ಮಾಪಕ 450 ತೋರಿಸಿದೆ. ನಿಮಗೆ ಬರುವುದು 5,000. ಮಾಪಕವೂ 520 ತೋರಿಸಿದ್ದರೆ 12,000 ಬರುತ್ತಿತ್ತು. ಇದು ಮೋಸವಲ್ಲ, ಈ ವಿಮೆಯ ಹುಟ್ಟುಗುಣ. ತೋಟದಲ್ಲಿ ನಷ್ಟವೇ ಆಗದಿದ್ದರೂ ಮಾಪಕ ಹೆಚ್ಚು ತೋರಿಸಿದ್ದಕ್ಕೆ ದುಡ್ಡು ಬಂದ ವರ್ಷಗಳೂ ಇರುತ್ತವೆ.

ಬಯಲುಸೀಮೆಯಲ್ಲಿ ಈ ಅಂತರ ಅಷ್ಟು ಕಾಡುವುದಿಲ್ಲ. ಮಲೆನಾಡಿನಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ಕೊಟ್ಟಿಗೆಹಾರದ ಮಳೆಗೂ ಮೂಡಿಗೆರೆ ಪೇಟೆಯ ಮಳೆಗೂ ಎಷ್ಟು ವ್ಯತ್ಯಾಸ ಎಂದು ಆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ತೋಟ ಪಂಚಾಯಿತಿಯ ಒಂದು ಮೂಲೆಯಲ್ಲಿ, ಘಾಟಿಯ ಅಂಚಿನಲ್ಲಿದ್ದರೆ ಈ ವಿಮೆಯಿಂದ ಕಡಿಮೆಯೇ ನಿರೀಕ್ಷಿಸಿ. ಕಾಫಿ ಎಸ್ಟೇಟುಗಳಲ್ಲಿ ದಿನವೂ ಬೆಳಿಗ್ಗೆ ಮಳೆ ಅಳೆದು ಇಂಚು-ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವ ಹಳೆಯ ರೂಢಿ ಇದೆಯಲ್ಲ, ಅದನ್ನು ಸಣ್ಣ ಬೆಳೆಗಾರರೂ ಹಿಡಿಯಬೇಕು. 1 ಇಂಚು ಅಂದರೆ 25.4 ಮಿಲಿಮೀಟರ್. ನಿಮ್ಮ ಪುಸ್ತಕ ನೋಡಿ ಪರಿಹಾರ ಕೊಡುವುದಿಲ್ಲ, ನಿಜ. ಆದರೆ ಊರಿನ ಐದಾರು ಮನೆಯ ಪುಸ್ತಕ 90 ಮಿಲಿಮೀಟರ್ ಎನ್ನುವ ದಿನ ಸರ್ಕಾರಿ ಮಾಪಕ 4 ಎಂದರೆ, ಮಾಪಕ ಕೆಟ್ಟಿದೆ ಎಂದು ಅದೇ ವಾರ ಹೇಳಲು ಅದೇ ಆಧಾರ.

ಕೊಳೆ ರೋಗಕ್ಕೂ ಈ ವಿಮೆಗೂ ಏನು ನಂಟು

ಗೊನೆ ಕೊಳೆಯದಂತೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನೇ ಸಿಂಪಡಣೆಯ ಹೊತ್ತಿಗೆ ಸರಿಯಾಗಿ ಪುಷ್ಯ ಮಳೆ ಹಿಡಿದು ಹತ್ತು-ಹನ್ನೆರಡು ದಿನ ಹೊಳವು ಕೊಡದಿದ್ದರೆ ಕೊನೆಗಾರ ಮರ ಹತ್ತುವಂತಿಲ್ಲ, ಹೊಡೆದ ಔಷಧಿಯೂ ನಿಲ್ಲುವುದಿಲ್ಲ. ಕೊಳೆ ಹಬ್ಬುವುದು ಆಗಲೇ. ಸತತ ಮಳೆ, ಗಾಳಿಯ ತೇವಾಂಶ ಇವನ್ನು ಷರತ್ತು ಪಟ್ಟಿಯಲ್ಲಿ ಇಟ್ಟಿರುವುದು ಈ ಕಾರಣಕ್ಕೆ. ಈ ಮಟ್ಟಿಗೆ ವಿಮೆಯ ಯೋಚನೆ ಸರಿಯಾಗಿಯೇ ಇದೆ.

ಆದರೆ ಇದು ರೋಗದ ವಿಮೆಯಲ್ಲ. ಎಲೆಚುಕ್ಕೆ ಬಂದು ಸೋಗೆ ಒಣಗಿದರೂ, ಹಳದಿ ಎಲೆ ರೋಗದಿಂದ ತೋಟವೇ ಹೋದರೂ ಹವಾಮಾನದ ಅಂಕಿ ಷರತ್ತು ಮುಟ್ಟದಿದ್ದರೆ ಏನೂ ಬರುವುದಿಲ್ಲ. ಮೆಣಸಿನ ಬಳ್ಳಿಯ ಕಥೆ ಇನ್ನೂ ಕಷ್ಟದ್ದು. ಜುಲೈಯಲ್ಲಿ ಬುಡದಲ್ಲಿ ನೀರು ನಿಂತದ್ದಕ್ಕೆ ಸೊರಗು ರೋಗ ಕಣ್ಣಿಗೆ ಬೀಳುವುದು ಎಷ್ಟೋ ವಾರ ಕಳೆದ ಮೇಲೆ. ಬಳ್ಳಿ ಸತ್ತರೆ ಹೊಸದಾಗಿ ನೆಟ್ಟದ್ದು ಫಸಲಿಗೆ ಬರಲು ಮೂರು ವರ್ಷವಾದರೂ ಬೇಕು, ಅಡಿಕೆ ಸಸಿಯಾದರೆ ಐದಾರು ವರ್ಷ. ವಿಮೆ ಲೆಕ್ಕ ಹಾಕುವುದು ಒಂದು ವರ್ಷದ ಹವಾಮಾನವನ್ನು. ಮನೆಯ ಆದಾಯ ಬೀಳುವುದು ಐದು ವರ್ಷ. ಈ ಕಂದಕವನ್ನು ಯಾವ ಕಂತೂ ತುಂಬುವುದಿಲ್ಲ.

ಕಾಫಿಯೇ ಮುಖ್ಯ ಬೆಳೆಯಾದವರು ಆ ವರ್ಷದ ಅಧಿಸೂಚನೆಯಲ್ಲಿ ತಮ್ಮ ಪಂಚಾಯಿತಿಯ ಎದುರು ಯಾವ ಬೆಳೆ ಇದೆ ಎಂದು ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ಪಕ್ಕದ ಪಂಚಾಯಿತಿಗೆ ಇದೆ ಎಂದರೆ ನಮಗೂ ಇದೆ ಎಂದಲ್ಲ.

ನೋಂದಣಿಯಲ್ಲೇ ಕೈತಪ್ಪುವ ಹಣ

ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ (ರಾಜ್ಯದ ರೈತ ನೋಂದಣಿ) ಗುರುತಿನ ಸಂಖ್ಯೆ, ಬೆಳೆಯ ಸ್ವಯಂ ಘೋಷಣೆ. ಬೇಕಾದ ಕಾಗದ ಇಷ್ಟೇ. ಬ್ಯಾಂಕ್, ಸಹಕಾರ ಸಂಘ, ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರ ಎಲ್ಲಿ ಬೇಕಾದರೂ ಮಾಡಿಸಬಹುದು. ಸುಲಭ ಎನಿಸುತ್ತದೆ. ಆದರೆ ಪರಿಹಾರ ಬರದ ಅರ್ಜಿಗಳನ್ನು ನೋಡುತ್ತಾ ಹೋದರೆ ಎಷ್ಟೋ ತಪ್ಪುಗಳು ಇಲ್ಲಿಯೇ ಆಗಿರುತ್ತವೆ.

ದೊಡ್ಡ ತಪ್ಪು ಬೆಳೆ ಸಮೀಕ್ಷೆಯದು. ಮಲೆನಾಡಿನ ತೋಟ ಎಂದರೆ ಒಂದೇ ಬೆಳೆಯಲ್ಲ. ಕಾಫಿ, ನಡುವೆ ಅಡಿಕೆ, ಅಡಿಕೆಗೆ ಹಬ್ಬಿಸಿದ ಮೆಣಸು, ಅಂಚಿಗೆ ಬಾಳೆ. ಸಮೀಕ್ಷೆ ಮಾಡಿದವರು ಕಾಫಿ ಎಂದಷ್ಟೇ ನಮೂದಿಸಿ ಹೋಗಿರುತ್ತಾರೆ. ನೀವು ಅಡಿಕೆಗೆ ಕಂತು ಕಟ್ಟಿರುತ್ತೀರಿ. ವರ್ಷದ ಕೊನೆಗೆ ಎರಡನ್ನೂ ತಾಳೆ ನೋಡಿದಾಗ ಹೊಂದುವುದಿಲ್ಲ, ಅರ್ಜಿ ತಿರಸ್ಕೃತವಾಗುತ್ತದೆ. ಹಾಗಾಗಿ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಎದುರು ಏನು ದಾಖಲಾಗಿದೆ, ಮಿಶ್ರ ಬೆಳೆಯಾಗಿ ಎಷ್ಟು ಗುಂಟೆ ಹಾಕಿದ್ದಾರೆ ಎಂದು ನೋಡಿ, ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ಅವಧಿಯೊಳಗೆ ಸರಿಪಡಿಸಿ. ಪಹಣಿಯ 12ನೇ ಕಾಲಂ ಕೂಡ ನೋಡಿ, ಬೆಳೆ ಬರೆದಿರುವುದು ಅಲ್ಲಿ.

ಎರಡನೆಯದು ಖಾತೆಯ ಸಮಸ್ಯೆ. ತಂದೆ ತೀರಿಕೊಂಡು ವರ್ಷಗಳಾಗಿರುತ್ತವೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗದೆ ವಿಮೆಯೂ ಇಲ್ಲ, ಸರ್ಕಾರಿ ಪರಿಹಾರವೂ ಕಷ್ಟ. ಜಂಟಿ ಖಾತೆಯಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದರೆ ಯಾರ ಹೆಸರಲ್ಲಿ ಎಷ್ಟು ವಿಸ್ತೀರ್ಣಕ್ಕೆ ಕಟ್ಟುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಇಬ್ಬರು ಪೂರ್ತಿ ಜಮೀನಿಗೆ ಕಟ್ಟಿದರೆ ಇಬ್ಬರದೂ ನಿಲ್ಲುತ್ತದೆ.

ಮೂರನೆಯದು ಬೆಳೆಸಾಲ ಇದ್ದವರಿಗೆ. 2020ರ ಮುಂಗಾರಿನಿಂದ ಸಾಲಗಾರರಿಗೂ ವಿಮೆ ಐಚ್ಛಿಕ. ಬೇಡವೆಂದರೆ ಕೊನೆಯ ದಿನಾಂಕಕ್ಕೆ 7 ದಿನ ಮುಂಚೆ ಬರೆದುಕೊಡಬೇಕು, ಇಲ್ಲದಿದ್ದರೆ ಕಂತು ಕಡಿತವಾಗುತ್ತದೆ. ಕಡಿತವಾದ ಮಾತ್ರಕ್ಕೆ ವಿಮೆ ಆಯಿತೆಂದು ಸುಮ್ಮನಾಗಬೇಡಿ. ದುಡ್ಡು ಕಡಿತವಾಗಿ, ಬ್ಯಾಂಕಿನವರು ಪೋರ್ಟಲ್‌ಗೆ ವಿವರ ಏರಿಸದೇ ಬಿಟ್ಟರೆ ನಿಮ್ಮ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಯೋಜನೆಯ ಮಾರ್ಗಸೂಚಿ ಪ್ರಕಾರ ಆ ನಷ್ಟಕ್ಕೆ ಬ್ಯಾಂಕೇ ಹೊಣೆ, ಆದರೆ ಅದನ್ನು ಸಾಧಿಸಲು ನಿಮ್ಮ ಕೈಯಲ್ಲಿ ಕಡಿತದ ದಾಖಲೆ ಇರಬೇಕು. ಕಂತು ಹೋದ ಹದಿನೈದು ದಿನದೊಳಗೆ ರಾಜ್ಯದ ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ಅರ್ಜಿ ಸ್ಥಿತಿ ನೋಡಿ. ಸರ್ವೆ ನಂಬರ್, ಹಿಸ್ಸಾ, ಪಂಚಾಯಿತಿ, ಬೆಳೆ, ವಿಸ್ತೀರ್ಣ ಐದನ್ನೂ ಓದಿ. ಪಂಚಾಯಿತಿ ತಪ್ಪಿದರೆ ಬೇರೆ ಊರಿನ ಮಾಪಕಕ್ಕೆ ನಿಮ್ಮ ತೋಟ ಗಂಟು ಬಿತ್ತೆಂದೇ ಅರ್ಥ.

ಕೊನೆಯದು ಹಣ ಬೀಳುವ ಖಾತೆ. ಪರಿಹಾರ ಹೋಗುವುದು ಆಧಾರ್ ಜೋಡಿಸಿದ ಖಾತೆಗೆ. ಮಗಳ ವಿದ್ಯಾರ್ಥಿವೇತನಕ್ಕೋ ಗ್ಯಾಸ್ ಸಬ್ಸಿಡಿಗೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಕೊನೆಯದಾಗಿ ಅಲ್ಲಿ ನಿಮ್ಮ ಆಧಾರ್ ಜೋಡಿಸಿದ್ದರೆ ದುಡ್ಡು ಅಲ್ಲಿಗೆ ಹೋಗಿರುತ್ತದೆ, ನೀವು ಸೊಸೈಟಿಯಲ್ಲಿ ವಿಚಾರಿಸುತ್ತಾ ಕೂತಿರುತ್ತೀರಿ.

ದುಡ್ಡು ಬರುವ ಹೊತ್ತು

ನಮ್ಮ ದೊಡ್ಡ ಆಕ್ಷೇಪ ಇರುವುದು ಇಲ್ಲಿ. ವಿಮೆಯ ಅವಧಿ ಮುಗಿದು, ಅಂಕಿಗಳು ಪ್ರಮಾಣೀಕೃತವಾಗಿ, ಸರ್ಕಾರಗಳ ಪಾಲಿನ ಕಂತು ಸಂದಾಯವಾಗಿ, ಸಮೀಕ್ಷೆ ತಾಳೆಯಾಗಿ ಆಮೇಲೆ ಪರಿಹಾರ. ಆಗಸ್ಟ್‌ನಲ್ಲಿ ಕೊಳೆತ ಗೊನೆಗೆ ಮರು ವರ್ಷದ ದಸರಾ-ದೀಪಾವಳಿಯ ಹೊತ್ತಿಗೆ ಹಣ ಬಂದರೆ ಅಚ್ಚರಿಪಡಬೇಕಿಲ್ಲ. ಬೆಳೆಗಾರರು ಯಾವ ಅರ್ಜಿಯನ್ನೂ ಹಾಕಬೇಕಿಲ್ಲ, ತನ್ನಷ್ಟಕ್ಕೆ ಬರುತ್ತದೆ ಎಂಬುದು ಇದರ ಒಳ್ಳೆಯ ಗುಣ. ಆದರೆ ಅಂಕಿಗಳು ದಿನದಿನವೂ ಕೈಗೆ ಸಿಗುವಾಗ ಮಳೆಗಾಲದ ಭಾಗದ ಪರಿಹಾರವನ್ನು ನವೆಂಬರ್‌ನಲ್ಲೇ ಯಾಕೆ ಕೊಡಬಾರದು? ಈ ಒಂದು ಬದಲಾವಣೆಯಾದರೆ ಯೋಜನೆಯ ಬೆಲೆ ಇಮ್ಮಡಿಯಾಗುತ್ತದೆ.

ತಡ ವಿಮೆಯಲ್ಲಿ ಮಾತ್ರವಲ್ಲ. 2023ರ ಬರ ನೆನಪಿಸಿಕೊಳ್ಳಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಬರಪೀಡಿತ ತಾಲ್ಲೂಕುಗಳ ಘೋಷಣೆ ಶುರುವಾಯಿತು, ಕೊನೆಗೆ ಸಂಖ್ಯೆ 223ಕ್ಕೆ ಮುಟ್ಟಿತು. ರಾಜ್ಯ ಸರ್ಕಾರ ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ಕೊಟ್ಟದ್ದು 2024ರ ಜನವರಿಯಲ್ಲಿ. ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಂದದ್ದು ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಕಡೂರು, ಅರಸೀಕೆರೆ ಕಡೆ ತೆಂಗು-ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರಿಗೂ ಕೊಳವೆಬಾವಿಗೂ ಸುರಿದ ದುಡ್ಡಿಗೆ ಬಡ್ಡಿ ಓಡುತ್ತಲೇ ಇತ್ತು.

ವಿಪತ್ತು ಪರಿಹಾರ ನಿಧಿಯ ಮೊತ್ತಗಳೂ ತಿಳಿದಿರಲಿ. 2022-26ರ ಮಾನದಂಡದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾಗಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಅಡಿಕೆ-ಕಾಫಿಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ. ಎಕರೆ ಅಡಿಕೆಗೆ ಹತ್ತಿರ ಹತ್ತಿರ 9,100. ಹಾಲು ಕೊಡುವ ಹಸು-ಎಮ್ಮೆ ಸತ್ತರೆ 37,500, ಕೊಟ್ಟಿಗೆ ಬಿದ್ದರೆ 3,000. ಹಸು ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಅವಸರದಲ್ಲಿ ಹೂತುಬಿಟ್ಟರೆ 37,500ರ ಆಸೆ ಬಿಡಬೇಕಾಗುತ್ತದೆ.

ಮನೆಗೆ ಬೇರೆಯೇ ವಿಮೆ ಬೇಕು

ಬೆಳೆ ವಿಮೆ ಮಾಡಿಸುವವರಲ್ಲಿ ಎಷ್ಟೋ ಜನ ಮನೆಗೆ ಏನೂ ಮಾಡಿಸಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆಯಂಥ ಊರುಗಳಲ್ಲಿ ಗುಡ್ಡವೇ ಜಾರಿ ಬಂದು ಮನೆಗಳು ಹೋದದ್ದನ್ನು ಕಂಡ ಮೇಲೂ ಈ ಉದಾಸೀನ ಉಳಿದಿದೆ. ಅದೇ 2022-26ರ ಮಾನದಂಡದಲ್ಲಿ ವಿಪತ್ತು ನಿಧಿಯಿಂದ ಪೂರ್ತಿ ಬಿದ್ದ ಮನೆಗೆ ಬಯಲಿನಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಹೆಚ್ಚು ಕೊಟ್ಟ ವರ್ಷಗಳಿವೆ, ಪ್ರತಿ ವರ್ಷ ಹಾಗೆಯೇ ಎಂಬ ಖಾತ್ರಿಯಿಲ್ಲ.

2021ರ ಏಪ್ರಿಲ್ 1ರಿಂದ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಮನೆ ವಿಮೆ ಕೊಡುತ್ತಿವೆ. ಷರತ್ತು ಎಲ್ಲರದೂ ಒಂದೇ, ಬೆಲೆ ಮಾತ್ರ ಬೇರೆ. ಹಾಗಾಗಿ ಮೂರು ಕಡೆ ದರ ಕೇಳಿ ಕಡಿಮೆ ಇದ್ದಲ್ಲಿ ಮಾಡಿಸಬಹುದು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಮನೆ ಮೇಲೆ ಮರ ಬೀಳುವುದು ಎಲ್ಲವೂ ಇದರಲ್ಲಿದೆ. ವಿಮಾ ಮೊತ್ತ ಎಂದರೆ ಮತ್ತೆ ಕಟ್ಟಲು ತಗಲುವ ಖರ್ಚು, ಜಾಗದ ಬೆಲೆ ಸೇರುವುದಿಲ್ಲ. 1,000 ಚದರಡಿಯ ಮನೆಗೆ ಚದರಡಿಗೆ 1,800ರಂತೆ ಹಿಡಿದರೆ 18 ಲಕ್ಷ. ಅದರ ಶೇ 20, ಅಂದರೆ 3.6 ಲಕ್ಷ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ಇದರ ಮಿತಿ 10 ಲಕ್ಷ. ಅವಶೇಷ ತೆಗೆಯುವ ಖರ್ಚಿಗೆ ಕ್ಲೇಮಿನ ಶೇ 2ರವರೆಗೆ, ಮನೆ ವಾಸಕ್ಕೆ ಬಾರದಿದ್ದರೆ ಬಾಡಿಗೆ ಮನೆಯ ಖರ್ಚು ಕೂಡ ಇದೆ. ಈ ಕೊನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ. ಮನೆ ಸಾಲದ ಜೊತೆ ಬ್ಯಾಂಕ್ ಮಾಡಿಸಿದ ವಿಮೆ ಇದೆಯಲ್ಲ ಎನ್ನುವವರು ಅದರ ಮೊತ್ತ ನೋಡಿ. ಸಾಲದಷ್ಟಕ್ಕೆ ಮಾತ್ರ ಮಾಡಿಸಿದ್ದರೆ 18 ಲಕ್ಷದ ಮನೆಗೆ 8 ಲಕ್ಷದ ವಿಮೆ ಇದ್ದಂತೆ.

ಮಲೆನಾಡಿನವರು ಎಚ್ಚರದಿಂದ ಓದಬೇಕಾದ್ದು ಭೂಕುಸಿತದ ಷರತ್ತು. ತುಂಬಿಸಿ ಮಟ್ಟ ಮಾಡಿದ ನೆಲ ಕುಸಿದರೆ, ಹೊಸ ಕಟ್ಟಡ ತನ್ನ ಭಾರಕ್ಕೆ ತಾನು ಕೂತು ಬಿರುಕು ಬಿಟ್ಟರೆ, ನದಿ ಕೊರೆತದಿಂದ ಹೋದರೆ, ವಿನ್ಯಾಸ ಅಥವಾ ಕೆಲಸದ ದೋಷವಿದ್ದರೆ, ಅಗೆತದ ಕೆಲಸದಿಂದ ಕುಸಿದರೆ ಪರಿಹಾರವಿಲ್ಲ. ಈಗ ಇಲ್ಲಿ ಮನೆ ಕಟ್ಟುವ ಬಗೆ ನೋಡಿ. ಇಳಿಜಾರಿನಲ್ಲಿ ಜೆಸಿಬಿ ತಂದು ಹಿಂದಿನ ಗುಡ್ಡ ನೇರವಾಗಿ ಕಡಿದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಅಂಗಳ ಮಾಡುತ್ತಾರೆ. ಅಂದರೆ ಅರ್ಧ ಮನೆ ಕಡಿದ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ಹಿಂದೆ ನೆಟ್ಟಗೆ ನಿಂತ ಧರೆ, ಅದಕ್ಕೆ ಮೇಲ್ಗಾಲುವೆಯಿಲ್ಲ. ಮಳೆಯಲ್ಲಿ ಮೊದಲು ಬಿರಿಯುವುದು ಕಡಿದದ್ದೂ ತುಂಬಿದ್ದೂ ಕೂಡುವ ಗೆರೆಯಲ್ಲಿ. ವಿಮೆಯವರು ತಕರಾರು ತೆಗೆಯುವುದೂ ಅಲ್ಲಿಯೇ. ಕಟ್ಟುವಾಗ ಗಟ್ಟಿ ನೆಲಕ್ಕೆ ಮುಟ್ಟುವ ಪಾಯದ ಫೋಟೊ, ತಡೆಗೋಡೆಯಲ್ಲಿ ನೀರು ಬಸಿಯಲು ಬಿಟ್ಟ ತೂತುಗಳ ಫೋಟೊ, ಎಂಜಿನಿಯರ್ ನಕ್ಷೆ ಇಟ್ಟುಕೊಂಡಿದ್ದರೆ ವಾದಕ್ಕೆ ಆಧಾರವಿರುತ್ತದೆ. ಧರೆಯ ನೆತ್ತಿಯಿಂದ ಹಿಂದಕ್ಕೆ ಒಂದು ಅಗಳು ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸುವುದು ಎರಡು ಆಳಿನ ಒಂದು ದಿನದ ಕೆಲಸ.

ಅಟ್ಟದಲ್ಲೋ ಪಕ್ಕದ ಕೋಣೆಯಲ್ಲೋ ಇಟ್ಟ ಮೆಣಸಿನ ಮೂಟೆ, ಕಾಫಿ ಚೆರ್ರಿ, ಸುಲಿದ ಅಡಿಕೆಯನ್ನು ಮನೆ ಸಾಮಾನು ಎಂದು ನೆಚ್ಚಿಕೊಳ್ಳಬೇಡಿ, ಅದು ಮಾರುವ ಸರಕು. ಅದಕ್ಕೆ ಬೇರೆ ಪಾಲಿಸಿ ಕೇಳಬೇಕು. ನಗದು ಹಣಕ್ಕೆ ರಕ್ಷಣೆಯಿಲ್ಲ. ಒಡವೆಗೆ ಬೇಕಿದ್ದರೆ ಬೆಲೆ ನಮೂದಿಸಿ ಹೆಚ್ಚುವರಿಯಾಗಿ ಸೇರಿಸಬೇಕು. ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, 30 ದಿನದೊಳಗೆ ಕ್ಲೇಮ್ ಅರ್ಜಿ ಕೊಡಿ. ಸರ್ವೇಯರ್ ಬಂದು ನೋಡುವವರೆಗೆ ಬಿದ್ದದ್ದನ್ನು ತೆಗೆಯಬೇಡಿ, ತೆಗೆಯಲೇಬೇಕಾದರೆ ಮೊದಲು ನಾಲ್ಕೂ ದಿಕ್ಕಿನಿಂದ ವಿಡಿಯೊ ಮಾಡಿ.

ನಡುವಿನ ತಿಂಗಳುಗಳು

ಕಾಫಿ ದುಡ್ಡು ಬರುವುದು ಡಿಸೆಂಬರ್‌ನಿಂದ, ಅಡಿಕೆ ಕೊಯ್ಲು ಅಕ್ಟೋಬರ್ ಮೇಲೆ, ಮೆಣಸು ಫೆಬ್ರುವರಿ-ಮಾರ್ಚ್. ಅಂದರೆ ವಿಪತ್ತು ಬರುವ ಜುಲೈ-ಆಗಸ್ಟ್ ತಿಂಗಳೇ ಕೈ ಖಾಲಿ ಇರುವ ತಿಂಗಳು. ಶಾಲೆ ಫೀಸು ಕಟ್ಟಿ ಮುಗಿದಿರುತ್ತದೆ, ಗೊಬ್ಬರ ಹಾಕಿ ಆಗಿರುತ್ತದೆ, ಎದುರಿಗೆ ಗೌರಿ-ಗಣೇಶ. ಮೇ ಕೊನೆಗೆ ಮೂರು ತಿಂಗಳ ಮನೆಖರ್ಚು, ಜೊತೆಗೆ ಆಳುಗಳ ಒಂದು ತಿಂಗಳ ಬಟವಾಡೆಯಷ್ಟು ಹಣ ಬೇಕೆಂದಾಗ ತೆಗೆಯಬಹುದಾದ ಖಾತೆಯಲ್ಲಿ ಇರಲಿ. ಚೀಟಿಯಲ್ಲಿ, ಐದು ವರ್ಷದ ಠೇವಣಿಯಲ್ಲಿ ಇರುವ ಹಣ ಆ ವಾರಕ್ಕೆ ಒದಗುವುದಿಲ್ಲ.

ಮಲೆನಾಡಿನ ಹಿರಿಯರು ಕಂಡುಕೊಂಡ ಒಳ್ಳೆಯ ಉಳಿತಾಯ ಎಂದರೆ ಮೆಣಸು. ಚೆನ್ನಾಗಿ ಒಣಗಿ ತೇವಾಂಶ ಶೇ 11ರ ಆಸುಪಾಸು ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ, ಪೇಟೆಗೆ ಹೊತ್ತ ದಿನವೇ ದುಡ್ಡು. ಎಲ್ಲವನ್ನೂ ಮಾರ್ಚ್‌ನಲ್ಲೇ ಮಾರದೆ ಎರಡು ಮೂಟೆ ಉಳಿಸಿಕೊಳ್ಳುವ ಕ್ರಮವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಎಲ್ಲ ಮೂಟೆಯೂ ಧರೆ ಪಕ್ಕದ ಒಂದೇ ಕೋಣೆಯಲ್ಲಿ ಬೇಡ.

ಸಹಕಾರ ಸಂಘದ 5 ಲಕ್ಷದವರೆಗಿನ ಬೆಳೆಸಾಲಕ್ಕೆ ರಾಜ್ಯದಲ್ಲಿ ಬಡ್ಡಿಯಿಲ್ಲ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ವಿಪತ್ತಿನ ವರ್ಷ ಒಂದು ವಾರ ತಪ್ಪಿದರೂ ಆ ಸೌಲಭ್ಯ ಹೋಗುತ್ತದೆ. ತಾಲ್ಲೂಕು ಅತಿವೃಷ್ಟಿ ಅಥವಾ ಬರಪೀಡಿತ ಎಂದು ಘೋಷಣೆಯಾದ ಕೂಡಲೇ, ಗಡುವು ಮುಗಿಯುವ ಮುಂಚೆಯೇ, ಅವಧಿ ವಿಸ್ತರಣೆಗೆ ಅರ್ಜಿ ಕೊಡಿ. ಗಡುವು ಮೀರಿ ಸುಸ್ತಿಯಾದ ಮೇಲೆ ಬ್ಯಾಂಕಿನವರ ಕೈಯೂ ಕಟ್ಟಿರುತ್ತದೆ.

ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ ಈ ಯಾವುದೂ ಇಲ್ಲ. ಮಳೆಗೆ ಕೆಲಸ ನಿಂತ ದಿನದ ಕೂಲಿಯನ್ನು ಬೆಳೆ ವಿಮೆ ಕೊಡುವುದಿಲ್ಲ. ಕನಿಷ್ಠ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಪ್ರತಿಯೊಬ್ಬರ ಖಾತೆಯಲ್ಲೂ ಇರಲೇಬೇಕು. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ, ಪ್ರಕೃತಿ ವಿಕೋಪದ ಸಾವೂ ಅದರಲ್ಲಿ ಸೇರುತ್ತದೆ. ಅವಧಿ ಜೂನ್ 1ರಿಂದ ಮೇ 31. ಮೇ ಕೊನೆಯ ವಾರ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ರದ್ದಾಗುವ ಪಾಲಿಸಿಗಳಿವೆ. ತೋಟದ ಮಾಲೀಕರು ಆ ವಾರ ಒಮ್ಮೆ ಎಲ್ಲರ ಪಾಸ್‌ಬುಕ್ ನೋಡಿದರೆ ಸಾಕು.

ರಾಗಿ, ಜೋಳ, ಆಲೂಗಡ್ಡೆಯವರಿಗೆ

ಹಾಸನದ ಬಯಲು ಭಾಗದವರಿಗೆ ಅನ್ವಯಿಸುವುದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ, ಅದರ ನಡೆ ಬೇರೆ. ಮುಂಗಾರಿಗೆ ಕಂತು ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಇಲ್ಲಿ ಇಳುವರಿ ಲೆಕ್ಕವೇ ಮುಖ್ಯ. ಆದರೆ ಆಲಿಕಲ್ಲು, ಭೂಕುಸಿತದಂಥದ್ದು ನಿಮ್ಮ ಹೊಲಕ್ಕೆ ಮಾತ್ರ ಆದರೆ, ಅಥವಾ ಕೊಯ್ದು ಹರಡಿದ ರಾಗಿ 14 ದಿನದೊಳಗೆ ಮಳೆಗೆ ಸಿಕ್ಕರೆ, 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ. ಭಾನುವಾರ, ಹಬ್ಬ ಎಂದು ಗಡಿಯಾರ ನಿಲ್ಲುವುದಿಲ್ಲ. 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾವಳಿಯನ್ನೂ ಭತ್ತದ ಗದ್ದೆ ಮುಳುಗುವುದನ್ನೂ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಕಾಡಾನೆ ಕಾಟದ ಆಲೂರು, ಸಕಲೇಶಪುರ, ಬೇಲೂರಿನವರು ತಮ್ಮ ಬೆಳೆ, ತಮ್ಮ ತಾಲ್ಲೂಕು ರಾಜ್ಯದ ಅಧಿಸೂಚನೆಯಲ್ಲಿ ಬಂದಿದೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಬೇಕು.

ಪರಿಹಾರ ಬಾರದಿದ್ದರೆ ಮೊದಲು ಸಂರಕ್ಷಣೆಯಲ್ಲಿ ತಿರಸ್ಕಾರದ ಕಾರಣ ಓದಿ. ಬೆಳೆ ತಾಳೆಯಾಗಿಲ್ಲ ಎಂದಿದ್ದರೆ ತೋಟದ ಫೋಟೊ, ಪಹಣಿ, ಕಂತಿನ ರಸೀದಿ ಹಚ್ಚಿ ತೋಟಗಾರಿಕೆ ಅಥವಾ ಕೃಷಿ ಇಲಾಖೆಗೆ ಆಕ್ಷೇಪಣೆ ಕೊಡಿ. ಅದಕ್ಕೆ ಕೊಡುವ ಸಮಯ ಕಡಿಮೆ, ಪಟ್ಟಿ ಪಂಚಾಯಿತಿ ಫಲಕಕ್ಕೆ ಬಂದ ದಿನವೇ ನೋಡಬೇಕು. ಮಾಪಕದ ಅಂಕಿಯ ತಕರಾರಾದರೆ ಒಬ್ಬೊಬ್ಬರೇ ಹೋಗಬೇಡಿ, ಪಂಚಾಯಿತಿಯ ಬೆಳೆಗಾರರೆಲ್ಲ ಸೇರಿ ಒಂದೇ ಮನವಿ ಬರೆದು, ಮಳೆ ಪುಸ್ತಕದ ಪುಟಗಳ ಜೆರಾಕ್ಸ್ ಹಚ್ಚಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಮನೆ ವಿಮೆಯ ದೂರಿಗೆ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.